ಮೇಣದ ಎಣ್ಣೆ, ಕಂಡವರ ನೆಲ: ದಕ್ಷಿಣ ಸುಡಾನ್‌ನಲ್ಲಿ ಚೀನಾ, ಒಂದು ಪ್ರಕರಣ ಅಧ್ಯಯನ

ದಕ್ಷಿಣ ಸುಡಾನ್‌ನ ಪಲೋಚ್‌ನಲ್ಲಿ ಸಿಗುವ ಕಚ್ಚಾ ತೈಲವನ್ನು ಒಂದು ಬಾಟಲಿಯಲ್ಲಿ ಹಿಡಿದು ರಾತ್ರಿ ಬಯಲಿನಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಹೆರೆಗಟ್ಟಿರುತ್ತದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಬೋರಲು ಹಾಕಿದರೂ ಎಣ್ಣೆ ಬೀಳುವುದಿಲ್ಲವಲ್ಲ, ಹಾಗೆ. ವ್ಯತ್ಯಾಸವೇನೆಂದರೆ ಇದು ಗಟ್ಟಿಯಾಗಲು ಚಳಿಯೇ ಬೇಕಿಲ್ಲ, 30 ಡಿಗ್ರಿ ಸೆಲ್ಸಿಯಸ್ ಇದ್ದರೂ ಸಾಕು. ಮೇಣದ ಅಂಶ ಅಷ್ಟು ಹೆಚ್ಚು. ಆಮ್ಲದ ಅಂಶವೂ ಹೆಚ್ಚಿರುವುದರಿಂದ ಎಲ್ಲ ರಿಫೈನರಿಗಳೂ ಇದನ್ನು ಮುಟ್ಟುವುದಿಲ್ಲ. ಮಾರುಕಟ್ಟೆಯಲ್ಲಿ ಇದರ ಹೆಸರು ದಾರ್ ಬ್ಲೆಂಡ್. ಇದನ್ನು ಬಿಸಿ ಮಾಡುತ್ತಾ, ದಾರಿಯುದ್ದಕ್ಕೂ ಪಂಪ್ ಮಾಡುತ್ತಾ, ಸುಮಾರು 1,400 ಕಿಲೋಮೀಟರ್ ಉತ್ತರಕ್ಕೆ ತಳ್ಳಿದರೆ ಕೆಂಪು ಸಮುದ್ರದ ದಡದಲ್ಲಿರುವ ಪೋರ್ಟ್ ಸುಡಾನ್‌ನ ಬಂದರು ಸಿಗುತ್ತದೆ. ಆ 1,400 ಕಿಲೋಮೀಟರ್‌ನಲ್ಲಿ ಹೆಚ್ಚಿನ ಪಾಲು 2011ರಿಂದ ಬೇರೆ ದೇಶದ, ಅಂದರೆ ಸುಡಾನ್‌ನ, ನೆಲ.

ಎಣ್ಣೆ ಎರಡು ವಾರ ನಿಂತಲ್ಲೇ ನಿಂತರೆ ಕೊಳವೆಯೇ ಒಂದು ಉದ್ದದ ಮೇಣದ ಬತ್ತಿಯಾಗಿ ಬಿಡಬಹುದು. ಹಾಗಾಗಿ ಇಲ್ಲಿ ‘ಸ್ವಲ್ಪ ದಿನ ನಿಲ್ಲಿಸೋಣ, ಗಲಾಟೆ ಮುಗಿಯಲಿ’ ಎನ್ನುವ ಅವಕಾಶ ಯಾರಿಗೂ ಇಲ್ಲ. ಇನ್ನೊಬ್ಬರ ಮನೆಯ ಜಗಳದಲ್ಲಿ ತಲೆ ಹಾಕುವುದಿಲ್ಲ ಎಂಬುದು ಚೀನಾದ ವಿದೇಶಾಂಗ ನೀತಿಯ ಹಳೆಯ ಮಂತ್ರ. ಆ ಮಂತ್ರ ಆಫ್ರಿಕಾದಲ್ಲಿ ಮೊದಲು ಸಡಿಲವಾದದ್ದು ಇಲ್ಲಿ. ಅದಕ್ಕೆ ಕಾರಣ ಯಾವ ರಾಯಭಾರಿಯ ಮನಃಪರಿವರ್ತನೆಯೂ ಅಲ್ಲ, ಈ ಕೊಳವೆ ಮತ್ತು ಈ ಮೇಣ. ಚೀನಾ ಇಲ್ಲಿ ಶಾಂತಿಗಾಗಿ ಮಾಡಿದ ಕೆಲಸ, ಮಾಡದೆ ಬಿಟ್ಟ ಕೆಲಸ ಎರಡನ್ನೂ ಅಳೆಯಲು ಕೊಳವೆಯ ನಕ್ಷೆಯೊಂದೇ ಸಾಕಾಗುತ್ತದೆ.

ಶೆವ್ರಾನ್ ಬಿಟ್ಟುಹೋದ ಬಾವಿಗಳು

ಎಣ್ಣೆ ಹುಡುಕಿದವರು ಚೀನೀಯರಲ್ಲ. 1970ರ ದಶಕದ ಕೊನೆಯಲ್ಲಿ, ಈಗಿನ ದಕ್ಷಿಣ ಸುಡಾನ್‌ನ ಬೆಂಟಿಯು ಸುತ್ತಮುತ್ತ ಎಣ್ಣೆ ಕಂಡವರು ಅಮೆರಿಕದ ಶೆವ್ರಾನ್ ಕಂಪನಿಯವರು. 1983ರಲ್ಲಿ ಸುಡಾನ್‌ನ ಉತ್ತರ–ದಕ್ಷಿಣದ ಎರಡನೇ ಅಂತರ್ಯುದ್ಧ ಶುರುವಾಯಿತು. 1984ರ ಫೆಬ್ರವರಿಯಲ್ಲಿ ರುಬ್ಕೋನಾದ ಶಿಬಿರದ ಮೇಲೆ ಬಂಡುಕೋರರು ದಾಳಿ ಮಾಡಿ ಮೂವರು ವಿದೇಶಿ ನೌಕರರನ್ನು ಕೊಂದರು. ಶೆವ್ರಾನ್ ಕೆಲಸ ನಿಲ್ಲಿಸಿತು, 1992ರಲ್ಲಿ ಹಕ್ಕುಗಳನ್ನೇ ಮಾರಿ ಹೊರಟಿತು.

ಚೀನಾ 1993ರಲ್ಲಿ ಎಣ್ಣೆಯನ್ನು ರಫ್ತಿಗಿಂತ ಹೆಚ್ಚು ಆಮದು ಮಾಡಿಕೊಳ್ಳುವ ದೇಶವಾಯಿತು. ಒಳ್ಳೆಯ ಬಾವಿಗಳೆಲ್ಲ ಆಗಲೇ ಪಾಶ್ಚಾತ್ಯ ಕಂಪನಿಗಳ ಕೈಯಲ್ಲಿದ್ದವು. ಉಳಿದದ್ದು ಯುದ್ಧ, ದಿಗ್ಬಂಧನ, ಇಲ್ಲವೇ ಎರಡೂ ಇರುವ ಜಾಗಗಳು. 1996ರ ಕೊನೆಗೆ ಗ್ರೇಟರ್ ನೈಲ್ ಪೆಟ್ರೋಲಿಯಂ ಎಂಬ ಕೂಟ ಹುಟ್ಟಿತು. ಚೀನಾದ ಸರ್ಕಾರಿ ಕಂಪನಿ ಸಿಎನ್‌ಪಿಸಿಗೆ 40%, ಮಲೇಷ್ಯಾದ ಪೆಟ್ರೋನಾಸ್‌ಗೆ 30%, ಕೆನಡಾದ ಕಂಪನಿಯೊಂದಕ್ಕೆ 25%, ಸುಡಾನ್ ಸರ್ಕಾರದ ಸುಡಾಪೆಟ್‌ಗೆ 5%. ಹೆಗ್ಲಿಗ್ ಎಣ್ಣೆ ಕ್ಷೇತ್ರದಿಂದ ಸಮುದ್ರದವರೆಗೆ ಸುಮಾರು 1,600 ಕಿಲೋಮೀಟರ್ ಉದ್ದದ ಮೊದಲ ಕೊಳವೆ 1999ರಲ್ಲಿ ಮುಗಿದು, ಆಗಸ್ಟ್ ಕೊನೆಗೆ ಮೊದಲ ಹಡಗು ಹೊರಟಿತು. ಮೂರೇ ವಾರಕ್ಕೆ, ಸೆಪ್ಟೆಂಬರ್‌ನಲ್ಲಿ, ಅಟ್ಬಾರಾ ಬಳಿ ಯಾರೋ ಕೊಳವೆಗೆ ಬಾಂಬ್ ಇಟ್ಟರು. ಕೊಳವೆಯೂ ಯುದ್ಧದ ಒಂದು ಭಾಗ ಎಂಬುದು ಮೊದಲ ತಿಂಗಳಲ್ಲೇ ಗೊತ್ತಾದ ವಿಷಯ.

ಕೆನಡಾದ ಪಾಲು ಆಮೇಲೆ ಟ್ಯಾಲಿಸ್ಮನ್ ಕೈಗೆ ಬಂತು. ಸ್ವದೇಶದ ಚರ್ಚುಗಳು, ಷೇರುದಾರರು, ನ್ಯೂಯಾರ್ಕ್‌ನ ಕೋರ್ಟಿನಲ್ಲಿ ಬಿದ್ದ ದಾವೆ ಎಲ್ಲ ಸೇರಿ ಅದು 2003ರಲ್ಲಿ ಪಾಲು ಮಾರಿತು. ಕೊಂಡವರು ನಮ್ಮವರೇ. ಒಎನ್‌ಜಿಸಿ ವಿದೇಶ್ 70 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಆ 25% ತೆಗೆದುಕೊಂಡಿತು. ಅದೇ ವರ್ಷದ ಮಾರ್ಚ್‌ನಲ್ಲಿ ಎಂಆರ್‌ಪಿಎಲ್ ಕೂಡ ಒಎನ್‌ಜಿಸಿ ತೆಕ್ಕೆಗೆ ಬಂದಿತ್ತು. ಮೇ ತಿಂಗಳಲ್ಲಿ ಸುಡಾನ್‌ನ ನೈಲ್ ಬ್ಲೆಂಡ್ ತೈಲದ ಭಾರತದ ಪಾಲಿನ ಮೊದಲ ಸರಕು ಇಳಿದದ್ದು ನವಮಂಗಳೂರು ಬಂದರಿನಲ್ಲಿ. ಚೀನಾ ಯುದ್ಧದ ಎಣ್ಣೆ ಹೀರಿತು ಎಂದು ಬರೆಯುವಾಗ ಪಣಂಬೂರಿನ ಕಡೆಗೂ ಒಮ್ಮೆ ನೋಡುವುದು ನ್ಯಾಯ.

ಎರೆಮಣ್ಣಿನ ಮೇಲೆ ರಸ್ತೆ

ಎಣ್ಣೆ ಸಿಗುವ ಯೂನಿಟಿ, ಅಪ್ಪರ್ ನೈಲ್ ಪ್ರಾಂತ್ಯಗಳ ನೆಲ ಬಹುಪಾಲು ಎರೆಮಣ್ಣು. ವಿಜಯಪುರ, ಗದಗದ ಕಡೆಯವರಿಗೆ ವಿವರಿಸಬೇಕಾಗಿಲ್ಲ: ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಹೆಜ್ಜೆ ಹೆಜ್ಜೆಗೆ ಕಾಲಿಗೆ ಸೇರುಗಟ್ಟಲೆ ಮಣ್ಣು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇಲ್ಲಿ ಲಾರಿ ಓಡುವುದಿಲ್ಲ, ಟ್ಯಾಂಕೂ ಓಡುವುದಿಲ್ಲ. ಹಿಂದೆಲ್ಲ ಮಳೆಗಾಲವೆಂದರೆ ಯುದ್ಧಕ್ಕೆ ರಜೆ.

ಎಣ್ಣೆ ತೆಗೆಯಲು ರಿಗ್ ಸಾಗಿಸಬೇಕು, ಅದಕ್ಕೆ ಸರ್ವಋತು ರಸ್ತೆ ಬೇಕು. ದೂರದಿಂದ ಗಟ್ಟಿ ಕೆಮ್ಮಣ್ಣು ತಂದು ಸುರಿದು, ನೆಲದ ಮಟ್ಟಕ್ಕಿಂತ ಎತ್ತರಿಸಿ ರಸ್ತೆ ಹಾಕಿದರು. ವಿಮಾನ ಇಳಿಯುವ ಪಟ್ಟಿ ಮಾಡಿದರು. ಅದರಿಂದ ಎರಡು ಕೇಡು ಹುಟ್ಟಿದವು. ಒಂದು, ರಜೆ ಹೋಯಿತು: ಸೈನ್ಯಕ್ಕೆ ವರ್ಷವಿಡೀ ಓಡಾಡುವ ದಾರಿ ಸಿಕ್ಕಿತು. ಹೆಗ್ಲಿಗ್‌ನ ವಿಮಾನ ಪಟ್ಟಿಯನ್ನು ಸುಡಾನ್‌ನ ರಾಜಧಾನಿ ಖಾರ್ಟೂಮಿನ ಸರ್ಕಾರದ ಸೈನ್ಯ ದಾಳಿಯ ಹೆಲಿಕಾಪ್ಟರ್‌ಗಳಿಗೆ ಬಳಸುತ್ತಿದೆ ಎಂದು ಕೆನಡಾ ಸರ್ಕಾರ ಕಳಿಸಿದ್ದ ತಂಡ 2000ದಲ್ಲೇ ವರದಿ ಕೊಟ್ಟಿತು. ಬಾವಿ ಕೊರೆಯುವ ಮೊದಲು ಜಾಗ ‘ಭದ್ರ’ ಮಾಡಬೇಕು ಎಂದರೆ ಅಲ್ಲಿನ ನುಯೆರ್, ಡಿಂಕಾ ಜನಾಂಗಗಳ ಹಳ್ಳಿಗಳನ್ನು ಖಾಲಿ ಮಾಡಿಸುವುದು ಎಂದೇ ಅರ್ಥವಾಗಿತ್ತು. ಸರ್ಕಾರ ಆ ಕೆಲಸಕ್ಕೆ ಸ್ಥಳೀಯ ನುಯೆರ್ ಸೇನಾನಿಗಳನ್ನೇ ಬಾಡಿಗೆಗೆ ಹಿಡಿಯಿತು. 1991ರಲ್ಲಿ ದಕ್ಷಿಣದ ಬಂಡಾಯ ಒಡೆದು ನುಯೆರ್ ನಾಯಕ ರಿಯೆಕ್ ಮಚಾರ್ ಬೇರೆಯಾದದ್ದು, 1997ರಲ್ಲಿ ಅವರು ಖಾರ್ಟೂಮಿನ ಜೊತೆ ಒಪ್ಪಂದಕ್ಕೆ ಬಂದದ್ದು ಇದಕ್ಕೆ ಅನುಕೂಲವಾಯಿತು. ಆಗ ಕೂಲಿಗೆ ನಿಂತ ಸೇನಾನಿಗಳು, ಅವರ ಮಕ್ಕಳು, ಅವರ ಹಗೆತನ ಎಲ್ಲವೂ 2013ರಲ್ಲಿ ಮತ್ತೆ ಕಾಣಿಸಿಕೊಂಡವು.

ಇನ್ನೊಂದು ಕೇಡು ಕಣ್ಣಿಗೆ ಬೀಳಲು ಸ್ವಲ್ಪ ತಡವಾಯಿತು. ಈ ಬಯಲಿನಲ್ಲಿ ಮಳೆನೀರು ಕಾಲುವೆಯಲ್ಲಿ ಹರಿಯುವುದಿಲ್ಲ, ಚಾಪೆ ಹಾಸಿದ ಹಾಗೆ ಅಗಲವಾಗಿ ಮೆಲ್ಲಗೆ ಜರುಗುತ್ತದೆ. ಎತ್ತರಿಸಿದ ರಸ್ತೆಗೆ ಸಾಕಷ್ಟು ಅಡ್ಡಮೋರಿ ಇಡದಿದ್ದರೆ ಅದು ಕೆರೆ ಏರಿಯಾಗುತ್ತದೆ. ಒಂದು ಕಡೆ ನೀರು ನಿಂತು ಹುಲ್ಲು ಕೊಳೆಯುತ್ತದೆ, ಇನ್ನೊಂದು ಕಡೆ ದನಗಳಿಗೆ ಮೇವಿಲ್ಲ. ದನವೇ ಹಣ, ದನವೇ ವಧುದಕ್ಷಿಣೆಯಾಗಿರುವ ಸಮಾಜದಲ್ಲಿ ಮೇವಿನ ದಾರಿ ಬದಲಾದರೆ ಪಕ್ಕದ ಕುಲದ ಹುಲ್ಲುಗಾವಲಿಗೆ ನುಗ್ಗಬೇಕಾಗುತ್ತದೆ, ಆಗ ಕೋವಿ ಹೊರಬರುತ್ತದೆ. ಎಣ್ಣೆಯ ಜೊತೆ ಮೇಲೆ ಬರುವ ಉಪ್ಪುನೀರನ್ನು ತೆರೆದ ಹೊಂಡಗಳಿಗೆ ಬಿಟ್ಟದ್ದು ಈ ದೂರಿನ ಮೇಲೆ ಮತ್ತೊಂದು ದೂರು. ಮೋರಿಯಂಥ ಸಣ್ಣ ಕೆಲಸದಲ್ಲಿ ಉಳಿಸಿದ ಹಣಕ್ಕೆ ಎಂಥ ಬಡ್ಡಿ ಬಿತ್ತು ಎಂಬುದನ್ನು ಯಾವ ಕಂಪನಿಯ ಲೆಕ್ಕಪುಸ್ತಕವೂ ತೋರಿಸುವುದಿಲ್ಲ.

ಇದು ಚೀನೀ ಕಂಪನಿಗಳ ವಿಶೇಷ ದುರ್ಗುಣ ಎನ್ನುವಂತಿಲ್ಲ. ಪಕ್ಕದ 5ಎ ಬ್ಲಾಕಿನಲ್ಲಿ ಕೆಲಸ ಮಾಡಿದ ಸ್ವೀಡನ್ನಿನ ಲುಂಡಿನ್ ಕಂಪನಿಯ ಇಬ್ಬರು ಮಾಜಿ ಮುಖ್ಯಸ್ಥರ ಮೇಲೆ ಯುದ್ಧಾಪರಾಧಕ್ಕೆ ನೆರವಾದ ಆರೋಪದಲ್ಲಿ ಸ್ಟಾಕ್‌ಹೋಮ್‌ನಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ವಿಚಾರಣೆ ಶುರುವಾಯಿತು. ಅವರು ಆರೋಪವನ್ನು ನಿರಾಕರಿಸಿದ್ದಾರೆ. ಬೇರೆಯಾದದ್ದು ಒತ್ತಡದ ದಾರಿ. ಟ್ಯಾಲಿಸ್ಮನ್, ಲುಂಡಿನ್‌ಗಳನ್ನು ಅವರ ಊರಿನಲ್ಲೇ ಕೇಳುವವರಿದ್ದರು. ಸಿಎನ್‌ಪಿಸಿಯನ್ನು ಕೇಳಬೇಕಾದವರು ಬೀಜಿಂಗ್ ಸರ್ಕಾರದವರು, ಅಂದರೆ ಅದರ ಮಾಲೀಕರೇ.

ದೇಶ ಎರಡಾಯಿತು, ಕೊಳವೆ ಒಂದೇ ಉಳಿಯಿತು

2005ರ ಜನವರಿ 9ರ ಸಮಗ್ರ ಶಾಂತಿ ಒಪ್ಪಂದ ದಕ್ಷಿಣದ ಬಾವಿಗಳ ಆದಾಯದಲ್ಲಿ 2% ಆಯಾ ಪ್ರಾಂತ್ಯಕ್ಕೆ ತೆಗೆದಿಟ್ಟು, ಉಳಿದದ್ದನ್ನು ಖಾರ್ಟೂಮ್ ಮತ್ತು ದಕ್ಷಿಣದ ರಾಜಧಾನಿ ಜೂಬಾ ನಡುವೆ ಅರ್ಧಂಬರ್ಧ ಹಂಚಿತು. ಆರು ವರ್ಷದ ಬಳಿಕ ದಕ್ಷಿಣದವರು ಬೇರೆಯಾಗಲು ಮತ ಹಾಕಬಹುದು ಎಂಬ ಷರತ್ತೂ ಅದರಲ್ಲಿತ್ತು. ಅಲ್ಲಿಯವರೆಗೆ ಖಾರ್ಟೂಮನ್ನು ಬಿಟ್ಟರೆ ಬೇರೆ ಬಾಗಿಲು ತಟ್ಟದ ಚೀನಾ, ಬಾವಿಗಳಲ್ಲಿ ಮುಕ್ಕಾಲು ಪಾಲು ಆ ಕಡೆಗೆ ಹೋಗುತ್ತವೆ ಎಂದು ಅಂದಾಜಾದ ಮೇಲೆ 2008ರ ಸೆಪ್ಟೆಂಬರ್‌ನಲ್ಲಿ ಜೂಬಾದಲ್ಲಿ ಕಾನ್ಸುಲೇಟ್ ತೆರೆಯಿತು. ದಕ್ಷಿಣದ ಬಂಡುಕೋರರನ್ನು ಹೊಡೆಯಲು ಖಾರ್ಟೂಮಿಗೆ ಆಯುಧ ಮಾರಿದ್ದ ದೇಶ, ಅದೇ ಬಂಡುಕೋರರು ಸರ್ಕಾರವಾಗುವ ಮೊದಲೇ ಅವರ ಅಂಗಳದಲ್ಲಿ ಧ್ವಜ ನೆಟ್ಟಿತು. ಪಶ್ಚಿಮ ಸುಡಾನ್‌ನ ದಾರ್ಫರ್ ಯುದ್ಧದ ವಿಷಯದಲ್ಲೂ ಇದೇ ಹೊತ್ತಿಗೆ ಬೀಜಿಂಗ್ ಮೆತ್ತಗಾಗಿತ್ತು. 2007ರಲ್ಲಿ ವಿಶೇಷ ದೂತರನ್ನು ನೇಮಿಸಿತು, ವಿಶ್ವಸಂಸ್ಥೆಯ ಪಡೆಗೆ ಖಾರ್ಟೂಮನ್ನು ಒಪ್ಪಿಸಲು ಕೈಜೋಡಿಸಿತು, ತನ್ನ ಎಂಜಿನಿಯರ್ ತುಕಡಿಯನ್ನೂ ಕಳಿಸಿತು. ಮರುವರ್ಷದ ಬೀಜಿಂಗ್ ಒಲಿಂಪಿಕ್ಸ್ ಮೇಲೆ ಬಿದ್ದಿದ್ದ ಮಸಿಯೂ ಅದಕ್ಕೆ ಒಂದು ಕಾರಣ.

2011ರ ಜುಲೈ 9ಕ್ಕೆ ದಕ್ಷಿಣ ಸುಡಾನ್ ಸ್ವತಂತ್ರವಾಯಿತು. ಎಣ್ಣೆ ದಕ್ಷಿಣದ್ದು, ಕೊಳವೆ ಉತ್ತರದ್ದು, ರಿಫೈನರಿ ಉತ್ತರದ್ದು, ಬಂದರು ಉತ್ತರದ್ದು. ಬಾಡಿಗೆ ಎಷ್ಟು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಖಾರ್ಟೂಮ್ ಬ್ಯಾರೆಲ್‌ಗೆ 36 ಡಾಲರ್ ಕೇಳಿತು. ಸಾಗಣೆಯ ಅನುಮತಿಗೆ ಒಂದು ಡಾಲರ್ ಕೂಡ ಹೆಚ್ಚು ಎಂದಿತು ಜೂಬಾ. ಬಾಡಿಗೆ ಬಾಕಿಯ ಲೆಕ್ಕದಲ್ಲಿ ಖಾರ್ಟೂಮ್ ಎಣ್ಣೆಯನ್ನೇ ಹಡಗಿಗೆ ತುಂಬಿಸಿ ಮಾರತೊಡಗಿತು. 81.5 ಕೋಟಿ ಡಾಲರ್ ಮೌಲ್ಯದ ಎಣ್ಣೆ ಕದ್ದರು ಎಂದು ಜೂಬಾ ದೂರಿತು. 2012ರ ಜನವರಿ ಕೊನೆಗೆ ದಕ್ಷಿಣದ ಅಧ್ಯಕ್ಷ ಸಾಲ್ವಾ ಕೀರ್ ಅವರ ಸರ್ಕಾರ ಬಾವಿಗಳನ್ನೇ ಮುಚ್ಚಿಸಿತು. ದಿನಕ್ಕೆ ಸುಮಾರು 3.5 ಲಕ್ಷ ಬ್ಯಾರೆಲ್ ಹರಿಯುತ್ತಿದ್ದದ್ದು ಸೊನ್ನೆಗೆ ಬಂತು. ಸರ್ಕಾರದ ಆದಾಯದ 98% ಅದೇ ಎಣ್ಣೆಯಿಂದ ಬರುತ್ತಿತ್ತು ಎಂದರೆ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡ ಹಾಗೆ. ಆದರೆ ಆ ಕೊಡಲಿ ಎದುರಿನವನ ಕಾಲಿಗೂ ತಾಗುತ್ತದೆ ಎಂಬ ಲೆಕ್ಕ ಅವರದು.

ಮೇಣದ ಕಥೆ ಇಲ್ಲಿ ಮುಖ್ಯವಾಗುತ್ತದೆ. ಬಾವಿ ಮುಚ್ಚುವುದೆಂದರೆ ನಲ್ಲಿ ತಿರುಗಿಸಿದಂತಲ್ಲ. ಕೊಳವೆಯೊಳಗಿನ ಎಣ್ಣೆಯನ್ನು ಪೂರ್ತಿ ಮುಂದೆ ತಳ್ಳಿ, ಅದರ ಜಾಗಕ್ಕೆ ನೀರು ತುಂಬಿಸಬೇಕು. ಇಲ್ಲದಿದ್ದರೆ ಗಟ್ಟಿಯಾದ ಎಣ್ಣೆಯನ್ನು ಮತ್ತೆ ಕದಲಿಸಲು ಬೇಕಾಗುವ ಒತ್ತಡಕ್ಕೆ ಕೊಳವೆಯೇ ಸೀಳಬಹುದು. ನೀರು ತುಂಬಿ ತಿಂಗಳುಗಟ್ಟಲೆ ಬಿಟ್ಟರೆ ಒಳಗೆ ತುಕ್ಕು. ಮುಚ್ಚಿದ ಬಾವಿಗಳಲ್ಲಿ ಒಳನೀರು ಏರಿ, ಮತ್ತೆ ತೆರೆದಾಗ ಮೊದಲಿನಷ್ಟು ಎಣ್ಣೆ ಬರುವುದಿಲ್ಲ. 3.5 ಲಕ್ಷಕ್ಕೆ ಉತ್ಪಾದನೆ ಆಮೇಲೆ ಎಂದೂ ಮರಳಲಿಲ್ಲ.

ಚೀನಾಕ್ಕೆ ಎರಡೂ ಕಡೆಯಿಂದ ಏಟು ಬಿತ್ತು. ಖಾರ್ಟೂಮಿಗೆ ಕದಿಯಲು ನೆರವಾದರು ಎಂದು ಪಲೋಚ್‌ನ ಎಣ್ಣೆ ತೆಗೆಯುವ ಪೆಟ್ರೋಡಾರ್ ಕೂಟದ ಚೀನೀ ಮುಖ್ಯಸ್ಥರನ್ನು ಫೆಬ್ರವರಿಯಲ್ಲಿ ಜೂಬಾ ದೇಶದಿಂದ ಹೊರಗೆ ಕಳಿಸಿತು. ಅದಕ್ಕೂ ಕೆಲವು ದಿನ ಮೊದಲು, ಉತ್ತರದ ದಕ್ಷಿಣ ಕೊರ್ಡೊಫಾನ್‌ನಲ್ಲಿ ರಸ್ತೆ ಕೆಲಸಕ್ಕಿದ್ದ 29 ಚೀನೀ ಕಾರ್ಮಿಕರನ್ನು ಬಂಡುಕೋರರು ಒಯ್ದು, ಹತ್ತು ಹನ್ನೊಂದು ದಿನ ಇಟ್ಟುಕೊಂಡು ಬಿಟ್ಟರು. ಅದೇ ಪ್ರಾಂತ್ಯದಲ್ಲಿ 2008ರಲ್ಲಿ ಅಪಹರಣವಾದ ಸಿಎನ್‌ಪಿಸಿಯ ಒಂಬತ್ತು ಮಂದಿಯಲ್ಲಿ ಹಲವರು ಹೆಣವಾಗಿದ್ದರು. ಬೀಜಿಂಗಿನಲ್ಲಿ ಸಾಮಾನ್ಯ ಜನ ‘ನಮ್ಮವರನ್ನು ಕಾಯಲು ಸರ್ಕಾರಕ್ಕೆ ಆಗುವುದಿಲ್ಲವೇ’ ಎಂದು ಇಂಟರ್ನೆಟ್‌ನಲ್ಲಿ ಕೇಳತೊಡಗಿದ್ದು ಈ ಹೊತ್ತಿನಲ್ಲೇ.

ಏಪ್ರಿಲ್‌ನಲ್ಲಿ ದಕ್ಷಿಣದ ಸೈನ್ಯ ಹೆಗ್ಲಿಗ್‌ಗೆ ನುಗ್ಗಿ ಹತ್ತು ದಿನ ಹಿಡಿದುಕೊಂಡಿತು. ದಕ್ಷಿಣದವರು ಅದನ್ನು ಪಾಂಥೌ ಎನ್ನುತ್ತಾರೆ, ತಮ್ಮದೆನ್ನುತ್ತಾರೆ. ಉತ್ತರಕ್ಕೆ ಉಳಿದಿದ್ದ ಎಣ್ಣೆಯಲ್ಲಿ ಸುಮಾರು ಅರ್ಧ ಬರುತ್ತಿದ್ದದ್ದು ಅಲ್ಲಿಂದಲೇ, ದಕ್ಷಿಣದ ಯೂನಿಟಿ ಬಾವಿಗಳ ಎಣ್ಣೆ ಶುದ್ಧವಾಗಿ ಕೊಳವೆಗೆ ಇಳಿಯುವುದೂ ಅಲ್ಲೇ. ಅದೇ ತಿಂಗಳು ಕೀರ್ ಬೀಜಿಂಗಿಗೆ ಹೋದರು. ಕೀನ್ಯಾದ ಲಾಮು ಬಂದರಿಗೆ ಹೊಸ ಕೊಳವೆ ಹಾಕಿಸಿಕೊಳ್ಳುವ ಆಸೆಯಿತ್ತು. ಅದಕ್ಕೆ ಚೀನಾ ಸೊಪ್ಪು ಹಾಕಲಿಲ್ಲ. ಇದ್ದ ಎರಡು ಕೊಳವೆಗಳಲ್ಲೇ ಅದರ ಹಣ ಹೂತಿತ್ತು. ಬದಲಿಗೆ, ಮೇ 2ರಂದು ಭದ್ರತಾ ಮಂಡಳಿಯಲ್ಲಿ 2046ನೇ ನಿರ್ಣಯಕ್ಕೆ ಕೈ ಎತ್ತಿತು: ಎರಡೂ ದೇಶ ಮಾತುಕತೆಗೆ ಬರಬೇಕು, ಇಲ್ಲವಾದರೆ ದಿಗ್ಬಂಧನದಂಥ ಕ್ರಮ. ದಿಗ್ಬಂಧನದ ಮಾತೆತ್ತಿದರೆ ಗೈರುಮತ ಹಾಕುವ ದೇಶಕ್ಕೆ ಇದು ಅಪರೂಪ.

ಒಂದು ಬ್ಯಾರೆಲ್‌ನ ಲೆಕ್ಕ

ದಕ್ಷಿಣ ಆಫ್ರಿಕಾದ ಮಾಜಿ ಅಧ್ಯಕ್ಷ ಥಾಬೊ ಎಂಬೆಕಿ ಅವರ ಮಧ್ಯಸ್ಥಿಕೆಯಲ್ಲಿ 2012ರ ಸೆಪ್ಟೆಂಬರ್ 27ರಂದು ಅಡಿಸ್ ಅಬಾಬಾದಲ್ಲಿ ಸಹಿಯಾಯಿತು. ಪಲೋಚ್‌ನಿಂದ ಹೊರಡುವ ಒಂದು ಬ್ಯಾರೆಲ್‌ಗೆ ಸಂಸ್ಕರಣೆ 1.60 ಡಾಲರ್, ಸಾಗಣೆ 8.40, ನೆಲ ದಾಟುವ ಶುಲ್ಕ 1. ಒಟ್ಟು 11. ಹೆಗ್ಲಿಗ್ ಮಾರ್ಗದಲ್ಲಿ ಸಾಗಣೆ 6.50 ಇದ್ದುದರಿಂದ ಒಟ್ಟು 9.10. ಇದರ ಮೇಲೆ ಬ್ಯಾರೆಲ್‌ಗೆ 15 ಡಾಲರ್ ಇನ್ನೊಂದು: ದಕ್ಷಿಣ ಹೋದದ್ದರಿಂದ ಉತ್ತರಕ್ಕಾದ ನಷ್ಟಕ್ಕೆ ಪರಿಹಾರ, ಒಟ್ಟು 302.8 ಕೋಟಿ ಡಾಲರ್ ತೀರುವ ತನಕ. ಅಂದರೆ ಜೂಬಾ ಸರ್ಕಾರ ತನ್ನ ಪಾಲಿನ ದಾರ್ ಬ್ಲೆಂಡ್‌ನ ಪ್ರತಿ ಬ್ಯಾರೆಲ್‌ಗೆ 26 ಡಾಲರ್ ಎಣಿಸಬೇಕು.

ಸಹಿ ಹಾಕುವ ದಿನ ಬ್ರೆಂಟ್, ಅಂದರೆ ಜಗತ್ತು ಬೆಲೆ ಅಳೆಯಲು ಬಳಸುವ ಕಚ್ಚಾ ತೈಲ, 110 ಡಾಲರ್ ಆಸುಪಾಸು. 26 ಹೋದರೂ ಕೈತುಂಬ ಉಳಿಯುತ್ತಿತ್ತು. 26 ಎಂಬುದನ್ನು ಬೆಲೆಯ ಶೇಕಡಾವಾರು ಮಾಡದೆ ಕಲ್ಲಿನಲ್ಲಿ ಕೆತ್ತಿದಂತೆ ನಿಗದಿ ಮಾಡಿದ್ದೇ ಆ ಒಪ್ಪಂದದ ದೊಡ್ಡ ತಪ್ಪು. 2016ರ ಜನವರಿಯಲ್ಲಿ ಬ್ರೆಂಟ್ 30ಕ್ಕಿಂತ ಕೆಳಗೆ ಜಾರಿತು. ಮೇಣ, ಆಮ್ಲದ ಕಾರಣಕ್ಕೆ ದಾರ್ ಬ್ಲೆಂಡ್ ಅದಕ್ಕಿಂತ ಎಷ್ಟೋ ಕಡಿಮೆಗೆ ಮಾರುತ್ತದೆ. 26 ಕೊಟ್ಟ ಮೇಲೆ ಸರ್ಕಾರಕ್ಕೆ ಉಳಿಯುವುದು ಏನೂ ಇಲ್ಲ, ಕೈಯಿಂದಲೇ ಹಾಕಬೇಕಾದ ಪರಿಸ್ಥಿತಿ. ಆದರೂ ಹರಿವು ನಿಲ್ಲಿಸುವಂತಿಲ್ಲ: ನಿಲ್ಲಿಸಿದರೆ ಮೇಣ. ಕೊನೆಗೆ ಫೆಬ್ರವರಿಯಲ್ಲಿ ಬೆಲೆಗೆ ತಕ್ಕಂತೆ ಏರಿಳಿಯುವ ಶುಲ್ಕಕ್ಕೆ ಖಾರ್ಟೂಮ್ ಒಪ್ಪಿತು.

ಊರಿನವರ ಪಾಲಿನ ಲೆಕ್ಕ ಇದಕ್ಕಿಂತ ಚಿಕ್ಕದು. 2013ರ ದಕ್ಷಿಣ ಸುಡಾನ್ ಕಾನೂನಿನ ಪ್ರಕಾರ ನಿವ್ವಳ ಎಣ್ಣೆ ಆದಾಯದಲ್ಲಿ 2% ಎಣ್ಣೆ ಸಿಗುವ ಪ್ರಾಂತ್ಯಕ್ಕೆ, 3% ಅಲ್ಲಿನ ಸಮುದಾಯಗಳಿಗೆ. ಹಣ ಹಳ್ಳಿ ತಲುಪಿದ್ದು ಅಪರೂಪ. ಕಂಪನಿಗಳ ಕಡೆಯಿಂದ ಬಂದ ಶಾಲೆ, ಆಸ್ಪತ್ರೆ ಕಟ್ಟಡಗಳಲ್ಲಿ ಎಷ್ಟೋ ಮೇಷ್ಟ್ರಿಲ್ಲದೆ, ಔಷಧವಿಲ್ಲದೆ ನಿಂತವು. ಕಟ್ಟಡ ಕಟ್ಟಿಸುವುದು ಕಂಪನಿಯ ಕೆಲಸ, ಸಂಬಳ ಕೊಡುವುದು ಸರ್ಕಾರದ ಕೆಲಸ ಎಂಬ ವಿಂಗಡಣೆ ಕಾಗದದಲ್ಲಿ ಸರಿ. ಸಂಬಳದ ಹಣ ಬಂದೂಕಿಗೆ ಹೋಗುವ ಕಡೆ ಅದು ಖಾಲಿ ಕಟ್ಟಡ ಅಷ್ಟೇ.

2013ರ ಡಿಸೆಂಬರ್ 15ರ ನಂತರ

ಬಾವಿಗಳು ಮತ್ತೆ ತೆರೆದು ಎಂಟು ತಿಂಗಳಾಗಿತ್ತು. ಜೂಬಾದಲ್ಲಿ ಅಧ್ಯಕ್ಷರ ಅಂಗರಕ್ಷಕ ಪಡೆಯೊಳಗೇ ಗುಂಡು ಹಾರಿ, ಅಧ್ಯಕ್ಷ ಕೀರ್ ಮತ್ತು ಮಾಜಿ ಉಪಾಧ್ಯಕ್ಷ ಮಚಾರ್ ಬಣಗಳ ಯುದ್ಧ ಶುರುವಾಯಿತು. ವಾರದೊಳಗೆ ಯೂನಿಟಿ ಪ್ರಾಂತ್ಯದ ಸೇನಾಧಿಕಾರಿ ಬಂಡುಕೋರರ ಕಡೆ ಹೋದರು. ಎಣ್ಣೆ ಕ್ಷೇತ್ರಗಳಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದ ಡಿಂಕಾ, ನುಯೆರ್ ನೌಕರರು ಶಿಬಿರದೊಳಗೇ ಕಾದಾಡಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸಿಎನ್‌ಪಿಸಿ 300ಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಸಾಗಿಸಿತು, ಒಎನ್‌ಜಿಸಿ ವಿದೇಶ್ ಕೂಡ ತನ್ನವರನ್ನು ಹೊರತೆಗೆಯಿತು. ಯೂನಿಟಿಯ ಬಾವಿಗಳು ಬಂದಾದವು. ಪಲೋಚ್‌ನಲ್ಲಿ ಮಾತ್ರ ಅಷ್ಟಿಷ್ಟು ಜನ ಉಳಿದು ಹರಿವು ಕಾಯ್ದುಕೊಂಡರು. ಇಡೀ ದೇಶದ ಉತ್ಪಾದನೆ ದಿನಕ್ಕೆ ಸುಮಾರು 1.6 ಲಕ್ಷ ಬ್ಯಾರೆಲ್‌ಗೆ ಇಳಿಯಿತು. ಸರ್ಕಾರ ಯುದ್ಧ ಮಾಡಿದ್ದು ಆ ಹಣದಲ್ಲಿ.

ಚೀನಾ ಈ ಸಲ ಸುಮ್ಮನೆ ಕೂರಲಿಲ್ಲ. 2014ರ ಜನವರಿಯಲ್ಲಿ ವಿದೇಶಾಂಗ ಸಚಿವ ವಾಂಗ್ ಯಿ ಅಡಿಸ್ ಅಬಾಬಾದಲ್ಲಿ ಎರಡೂ ಬಣದವರನ್ನು ಕಂಡು ಕದನವಿರಾಮಕ್ಕೆ ಕೇಳಿದರು. ಆಫ್ರಿಕಾ ವ್ಯವಹಾರಗಳ ವಿಶೇಷ ದೂತ ಝೊಂಗ್ ಜಿಯಾನ್‌ಹುವಾ ಊರೂರು ತಿರುಗಿದರು. ಸೆಪ್ಟೆಂಬರ್‌ನಲ್ಲಿ ಮಚಾರ್ ಬಣದ ನಿಯೋಗ ಬೀಜಿಂಗಿಗೇ ಹೋಗಿಬಂತು. ಸಶಸ್ತ್ರ ಬಂಡುಕೋರರನ್ನು ಚೀನಾ ಹೀಗೆ ಬಹಿರಂಗವಾಗಿ ಕರೆಸಿಕೊಳ್ಳುವುದನ್ನು ಹತ್ತು ವರ್ಷ ಹಿಂದೆ ಊಹಿಸುವಂತಿರಲಿಲ್ಲ. 2015ರ ಜನವರಿ 12ರಂದು ಖಾರ್ಟೂಮಿನಲ್ಲಿ ಚೀನಾ ತಾನೇ ಒಂದು ಸಮಾಲೋಚನೆ ಕರೆಯಿತು.

ಇನ್ನೊಂದು ಕೈ ಬೇರೆ ಕೆಲಸದಲ್ಲಿತ್ತು. ಚೀನಾದ ಸರ್ಕಾರಿ ಆಯುಧ ಕಂಪನಿ ನೊರಿಂಕೊ ಯುದ್ಧಕ್ಕೆ ಮೊದಲೇ ಕುದುರಿಸಿದ್ದ ಒಪ್ಪಂದದ ಸರಕು 2014ರ ಜುಲೈನಲ್ಲಿ ಜೂಬಾ ಸರ್ಕಾರಕ್ಕೆ ಬಂತು: 100 ಟ್ಯಾಂಕ್‌ನಿರೋಧಕ ಕ್ಷಿಪಣಿ ಲಾಂಚರ್, 9,000ಕ್ಕೂ ಹೆಚ್ಚು ಆಟೊಮ್ಯಾಟಿಕ್ ರೈಫಲ್, ಕೋಟಿಗಟ್ಟಲೆ ಗುಂಡು. ವಾಂಗ್ ಯಿ ಕದನವಿರಾಮ ಕೇಳಿ ಆರು ತಿಂಗಳಾಗಿತ್ತು. ಸುದ್ದಿ ಹೊರಬಂದ ಮೇಲೆ ಬೀಜಿಂಗ್ ಮುಂದಿನ ರವಾನೆ ನಿಲ್ಲಿಸಿತು. ಇದನ್ನು ಒಳಸಂಚು ಎಂದು ಓದುವವರಿದ್ದಾರೆ. ಅದಕ್ಕಿಂತ ನಂಬಲು ಸುಲಭವಾದದ್ದು, ಚೀನಾ ಎಂಬುದು ಒಂದೇ ತಲೆಯ ಪ್ರಾಣಿಯಲ್ಲ ಎಂಬುದು. ಆಯುಧ ಕಂಪನಿಗೆ ಆರ್ಡರ್ ಪೂರೈಸಬೇಕು, ಎಣ್ಣೆ ಕಂಪನಿಗೆ ಬಾವಿ ಉಳಿಯಬೇಕು, ವಿದೇಶಾಂಗ ಸಚಿವಾಲಯಕ್ಕೆ ಮುಖ ಉಳಿಯಬೇಕು. ಎತ್ತು ಏರಿಗೆ, ಕೋಣ ನೀರಿಗೆ.

2014ರ ಮೇ 27ರ ಭದ್ರತಾ ಮಂಡಳಿಯ 2155ನೇ ನಿರ್ಣಯ ವಿಶ್ವಸಂಸ್ಥೆಯ ಪಡೆಯ ಮೊದಲ ಕೆಲಸ ನಾಗರಿಕರ ರಕ್ಷಣೆ ಎಂದಿತು. ವಿಶೇಷ ಗಮನ ಬೇಕಾದ ಜಾಗಗಳ ಪಟ್ಟಿಯಲ್ಲಿ ಶಾಲೆ, ಪೂಜಾಸ್ಥಳ, ಆಸ್ಪತ್ರೆಗಳ ಸಾಲಿಗೆ ಎಣ್ಣೆ ಕ್ಷೇತ್ರಗಳೂ ಸೇರಿದವು. ಆಸ್ಪತ್ರೆಯ ಪಕ್ಕದಲ್ಲಿ ಎಣ್ಣೆ ಬಾವಿ ಹೇಗೆ ಬಂತು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಕಾಯಂ ಸದಸ್ಯನ ಒಪ್ಪಿಗೆಗೆ ಬೆಲೆಯಿದೆ. ಅದೇ ಸದಸ್ಯ, ಆಯುಧ ನಿರ್ಬಂಧದ ಪ್ರಸ್ತಾವ 2016ರ ಡಿಸೆಂಬರ್‌ನಲ್ಲಿ ಬಂದಾಗ ಗೈರುಮತ ಹಾಕಿತು, ಪ್ರಸ್ತಾವ ಬಿತ್ತು. 2018ರ ಜುಲೈನಲ್ಲಿ ಮತ್ತೆ ಗೈರುಮತ ಹಾಕಿತು, ಆದರೆ ಬೇಕಾದ 9 ಮತ ಕೂಡಿದ್ದರಿಂದ ನಿರ್ಬಂಧ ಜಾರಿಯಾಯಿತು.

700 ಸೈನಿಕರು, ನಾಲ್ಕು ದಿನ

2015ರಲ್ಲಿ 700 ಮಂದಿಯ ಚೀನೀ ಪದಾತಿ ದಳ ಜೂಬಾಕ್ಕೆ ಬಂತು. ಅದುವರೆಗೆ ಚೀನಾ ಶಾಂತಿಪಾಲನೆಗೆ ಕಳಿಸುತ್ತಿದ್ದದ್ದು ಹೆಚ್ಚಾಗಿ ಎಂಜಿನಿಯರ್, ವೈದ್ಯ, ಸಾಗಣೆಯವರನ್ನು. ಇಡೀ ಪದಾತಿ ದಳ ಇದೇ ಮೊದಲು. ಬಾವಿ ಕಾಯಲು ಬಂದವರು ಎಂಬ ಮಾತು ಎಲ್ಲೆಡೆ ಇತ್ತು. ವಾಸ್ತವದಲ್ಲಿ ಅವರನ್ನು ಇಟ್ಟದ್ದು ಬಾವಿಗಳಿಂದ ನೂರಾರು ಕಿಲೋಮೀಟರ್ ದೂರದ ರಾಜಧಾನಿಯಲ್ಲಿ, ನಿರಾಶ್ರಿತರ ಶಿಬಿರದ ಪಕ್ಕ.

2016ರ ಜುಲೈ 8ರಿಂದ 11ರವರೆಗೆ ಜೂಬಾದಲ್ಲಿ ಮತ್ತೆ ಕೀರ್–ಮಚಾರ್ ಕದನ. ಮಚಾರ್ ಪಡೆಯ ನೆಲೆ ವಿಶ್ವಸಂಸ್ಥೆಯ ಆವರಣಕ್ಕೆ ತಾಗಿಕೊಂಡಂತೆ ಇತ್ತು. ಹೀಗಾಗಿ ಹತ್ತಾರು ಸಾವಿರ ಜನರಿದ್ದ ಶಿಬಿರ ಗುಂಡಿನ ಸಾಲಿನಲ್ಲಿ ಸಿಕ್ಕಿತು. 10ರಂದು ರಾಕೆಟ್ ಗ್ರೆನೇಡ್ ಒಂದು ಚೀನೀ ಕವಚ ವಾಹನಕ್ಕೆ ಬಡಿಯಿತು. ಇಬ್ಬರು ಸೈನಿಕರು ಸತ್ತರು, ಒಬ್ಬರು ಅಂದೇ, ಇನ್ನೊಬ್ಬರು ಮರುದಿನ. ದೊಡ್ಡ ಶಸ್ತ್ರಚಿಕಿತ್ಸೆಗೆ ಸೌಲಭ್ಯವಿದ್ದ ಆಸ್ಪತ್ರೆ ವಿಮಾನ ನಿಲ್ದಾಣದ ಬಳಿಯ ಇನ್ನೊಂದು ನೆಲೆಯಲ್ಲಿತ್ತು. ನಡುವಿನ ರಸ್ತೆ ಸರ್ಕಾರಿ ಸೈನಿಕರ ಕೈಯಲ್ಲಿತ್ತು. 11ರಂದು ಹತ್ತಿರದ ಟೆರೇನ್ ಎಂಬ ವಸತಿ ಸಂಕೀರ್ಣಕ್ಕೆ ಸರ್ಕಾರಿ ಸೈನಿಕರು ನುಗ್ಗಿ ನೆರವು ಕಾರ್ಯಕರ್ತರ ಮೇಲೆ ಅತ್ಯಾಚಾರ ಮಾಡಿದರು, ಒಬ್ಬ ಸ್ಥಳೀಯ ಪತ್ರಕರ್ತನನ್ನು ಕೊಂದರು. ಕರೆ ಹೋಯಿತು, ವಿಶ್ವಸಂಸ್ಥೆಯ ಪಡೆ ಹೊರಬರಲಿಲ್ಲ.

ನಿವೃತ್ತ ಡಚ್ ಮೇಜರ್ ಜನರಲ್ ಪ್ಯಾಟ್ರಿಕ್ ಕಾಮರ್ಟ್ ಅವರ ತನಿಖೆ ನವೆಂಬರ್‌ನಲ್ಲಿ ಹೇಳಿದ್ದು: ಚೀನೀ ಸೈನಿಕರು ಕನಿಷ್ಠ ಎರಡು ಬಾರಿ ಕಾವಲು ಜಾಗ ಬಿಟ್ಟರು, ಚೀನಾ, ಇಥಿಯೋಪಿಯಾ, ನೇಪಾಳ, ಭಾರತ ಈ ನಾಲ್ಕೂ ದೇಶಗಳ ತುಕಡಿಗಳಿಗೆ ಒಂದೇ ಆಜ್ಞಾ ಸಾಲು ಇರಲಿಲ್ಲ, ಒಂದಕ್ಕೊಂದು ವಿರುದ್ಧವಾದ ಆದೇಶ ಹೋದವು. ಕೀನ್ಯಾದವರಾದ ಪಡೆಯ ಮುಖ್ಯಸ್ಥರನ್ನು ಕೆಳಗಿಳಿಸಲಾಯಿತು. ಚೀನಾ ಟೀಕೆಯನ್ನು ಒಪ್ಪಲಿಲ್ಲ. ಭೇಟಿಯ ವೇಳಾಪಟ್ಟಿಗೆ, ಕವಾಯತಿಗೆ, ಆಸ್ಪತ್ರೆ ನಡೆಸುವುದಕ್ಕೆ ಚೀನೀ ತುಕಡಿಗಳು ಹೆಸರುವಾಸಿ. ಆದರೆ ಅತಿಥೇಯ ಸರ್ಕಾರದ ಸೈನಿಕನೇ ಆಕ್ರಮಣಕಾರನಾದಾಗ ಅವನತ್ತ ಬಂದೂಕು ತಿರುಗಿಸುವ ಕೆಲಸಕ್ಕೆ, ಸಾರ್ವಭೌಮತೆಯೇ ಮೊದಲು ಎಂದು ಐವತ್ತು ವರ್ಷ ಪಾಠ ಕಲಿತ ಸೈನ್ಯ ಸಿದ್ಧವಾಗಿರಲಿಲ್ಲ. ಅದು ಇಬ್ಬರು ಮೂವರು ಅಧಿಕಾರಿಗಳ ಧೈರ್ಯದ ಪ್ರಶ್ನೆಯಲ್ಲ. ಬೇರೆ ದೇಶಗಳ ತುಕಡಿಗಳೂ ಅಂದು ಗೇಟು ದಾಟಲಿಲ್ಲ ಎಂಬುದನ್ನು ಮರೆಯಬಾರದು.

ಎಣ್ಣೆ ಕಂಪನಿಗಳು ಪಾಠ ಬೇರೆ ರೀತಿ ಕಲಿತವು. ಚೀನಾದ ಖಾಸಗಿ ಭದ್ರತಾ ಕಂಪನಿಗಳ ಕಾವಲುಗಾರರು ಹೊರದೇಶದಲ್ಲಿ ಸಾಮಾನ್ಯವಾಗಿ ಬಂದೂಕು ಹಿಡಿಯುವಂತಿಲ್ಲ. ಅವರು ಯೋಜನೆ, ವಿಮಾನ, ಅಡಗುತಾಣ ನೋಡಿಕೊಳ್ಳುತ್ತಾರೆ, ಬಂದೂಕು ಸ್ಥಳೀಯರ ಕೈಯಲ್ಲಿ. ಪಲೋಚ್ ಸುತ್ತ ಆ ಸ್ಥಳೀಯರು ಎಂದರೆ ಸರ್ಕಾರದ ಸೈನ್ಯ ಮತ್ತು ಪಡಾಂಗ್ ಡಿಂಕಾ ಸೇನೆ. ಅವರಿಗೆ ಊಟ, ಡೀಸೆಲ್ ಎಣ್ಣೆಯ ಹಣದಿಂದ ಹೋಗುತ್ತಿತ್ತು ಎಂಬುದು ಮೇಲಿಂದ ಮೇಲೆ ಬಂದ ಆರೋಪ. 2018ರ ಮಾರ್ಚ್‌ನಲ್ಲಿ ಅಮೆರಿಕ ಅಲ್ಲಿನ ಎಣ್ಣೆ ವಲಯದ 15 ಸಂಸ್ಥೆಗಳನ್ನು ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿಸಿತು. ಸಿಎನ್‌ಪಿಸಿ ಪಾಲಿರುವ ಕೂಟಗಳೂ ಅದರಲ್ಲಿದ್ದವು.

ಮೇಣ ಮತ್ತೆ ಗಟ್ಟಿಯಾಯಿತು

2018ರ ಶಾಂತಿ ಒಪ್ಪಂದ ಖಾರ್ಟೂಮಿನಲ್ಲಿ ಪಕ್ವವಾಯಿತು. ಸುಡಾನ್‌ನ ಆಗಿನ ಅಧ್ಯಕ್ಷ ಒಮರ್ ಅಲ್ ಬಶೀರ್ ಆ ಮಧ್ಯಸ್ಥಿಕೆಗೆ ಇಳಿದದ್ದು ಸಂತನಾಗಿ ಅಲ್ಲ, ಯೂನಿಟಿಯ ಬಾವಿಗಳು ತೆರೆದರೆ ಕೊಳವೆಯ ಬಾಡಿಗೆ ಬರುತ್ತದೆ ಎಂದು. ಜೂಬಾ ಸರ್ಕಾರ ಜೂಬಾ–ರುಂಬೆಕ್ ಹೆದ್ದಾರಿಗಾಗಿ ಚೀನಾದ ಎಕ್ಸಿಮ್ ಬ್ಯಾಂಕಿಗೆ ದಿನಕ್ಕೆ ಮೊದಲು 10,000, ಆಮೇಲೆ 30,000 ಬ್ಯಾರೆಲ್ ಎತ್ತಿಟ್ಟಿತು. ರಸ್ತೆಗಾಗಿ ಎಣ್ಣೆ ಎಂಬ ಈ ಲೇವಾದೇವಿಯಲ್ಲಿ ಹಣ ಮಂತ್ರಿಗಳ ಕೈಗೆ ಹೋಗುವುದಿಲ್ಲ ಎಂಬುದು ಒಂದು ಗುಣ. ಎಣ್ಣೆ ನಿಂತರೆ ರಸ್ತೆಯೂ ನಿಲ್ಲುತ್ತದೆ ಎಂಬುದು ಅದರ ಬೆನ್ನಿಗಂಟಿದ ದೋಷ.

2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೈನ್ಯ ಮತ್ತು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ನಡುವೆ ಯುದ್ಧ ಶುರುವಾಯಿತು. ಕರ್ನಾಟಕದಲ್ಲಿ ಆ ಯುದ್ಧ ಸುದ್ದಿಯಾದದ್ದು ಅಲ್ಲಿ ಸಿಕ್ಕಿಕೊಂಡ ಹಕ್ಕಿಪಿಕ್ಕಿ ಕುಟುಂಬಗಳಿಂದ. ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಹಡಗು ಹತ್ತಿಸಿದ್ದು ಎಣ್ಣೆ ಹೊರಡುವ ಅದೇ ಪೋರ್ಟ್ ಸುಡಾನ್‌ನಿಂದ. ಖಾರ್ಟೂಮಿನ ಉತ್ತರಕ್ಕೆ, ಅಲ್ ಜೈಲಿಯಲ್ಲಿ ಸಿಎನ್‌ಪಿಸಿ ಸಹಭಾಗಿತ್ವದಲ್ಲಿ ಕಟ್ಟಿದ ರಿಫೈನರಿ ಆರಂಭದಲ್ಲೇ ಆರ್‌ಎಸ್‌ಎಫ್ ಪಾಲಾಯಿತು. 2025ರ ಜನವರಿಯಲ್ಲಿ ಸೈನ್ಯ ಮರಳಿ ಪಡೆಯುವಷ್ಟರಲ್ಲಿ ಬಹುಭಾಗ ಸುಟ್ಟಿತ್ತು.

ಪಲೋಚ್ ಕೊಳವೆಯ ಸರದಿ 2024ರ ಫೆಬ್ರವರಿಯಲ್ಲಿ ಬಂತು. 4 ಮತ್ತು 5ನೇ ಪಂಪಿಂಗ್ ಸ್ಟೇಷನ್‌ಗಳು ಕದನದ ವಲಯದಲ್ಲಿದ್ದವು. ಡೀಸೆಲ್ ತಲುಪಲಿಲ್ಲ, ಫೋನ್ ಸಂಪರ್ಕ ಕಡಿದಿತ್ತು. ಪಂಪ್ ನಿಧಾನವಾಯಿತು, ಎಣ್ಣೆ ತಣಿಯಿತು, ಎರಡು ಸ್ಟೇಷನ್‌ಗಳ ನಡುವೆ ಹೆರೆಗಟ್ಟಿತು, ಕೊಳವೆ ಸೀಳಿತು. ಯಾರೂ ಬಾಂಬ್ ಇಡಬೇಕಾಗಲಿಲ್ಲ. ರಿಪೇರಿ ತಂಡ ಹೋಗಬೇಕೆಂದರೆ ಎರಡೂ ಪಡೆಗಳ ಅನುಮತಿ ಬೇಕು. ಮಾರ್ಚ್ 16ರಂದು ಸುಡಾನ್, ಒಪ್ಪಂದ ಪೂರೈಸುವುದು ತನ್ನ ಕೈಮೀರಿದೆ ಎಂದು ಕಾಗದ ಬರೆಯಿತು. ದಕ್ಷಿಣ ಸುಡಾನ್‌ನ ರಫ್ತಿನಲ್ಲಿ ಹೆಚ್ಚಿನ ಪಾಲು ಅಲ್ಲಿಗೆ ನಿಂತಿತು. ಸೈನಿಕರಿಗೆ, ಮೇಷ್ಟ್ರುಗಳಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಸಂಬಳವಿಲ್ಲದ ಸೈನಿಕ ರಸ್ತೆಯಲ್ಲಿ ಹಗ್ಗ ಕಟ್ಟಿ ಸುಂಕ ವಸೂಲಿಗೆ ನಿಲ್ಲುತ್ತಾನೆ. ಪೆಟ್ರೋನಾಸ್ ಆಗಸ್ಟ್‌ನಲ್ಲಿ ಗಂಟುಮೂಟೆ ಕಟ್ಟಿತು. ಸಿಎನ್‌ಪಿಸಿ ಹೋಗಲಿಲ್ಲ. 2025ರ ಜನವರಿಯಲ್ಲಿ ತಡೆ ತೆರವಾಗಿ ಎಣ್ಣೆ ಮತ್ತೆ ಹರಿಯಿತು.

ಆ ವರ್ಷದ ಡಿಸೆಂಬರ್ 8ರಂದು ಆರ್‌ಎಸ್‌ಎಫ್ ಹೆಗ್ಲಿಗ್ ಹಿಡಿಯಿತು. ಅಲ್ಲಿದ್ದ ಸುಡಾನ್ ಸೈನಿಕರು ಗಡಿ ದಾಟಿ ದಕ್ಷಿಣಕ್ಕೆ ಬಂದು ಆಯುಧ ಒಪ್ಪಿಸಿದರು. ಸಂಸ್ಕರಣಾ ಘಟಕಕ್ಕೆ ಹಾನಿಯಾದರೆ ಮೂವರಿಗೂ ನಷ್ಟ ಎಂದು ಸುಡಾನ್ ಸೈನ್ಯ, ಆರ್‌ಎಸ್‌ಎಫ್, ಜೂಬಾ ಸೇರಿ ಒಂದು ಏರ್ಪಾಡಿಗೆ ಬಂದವು: ಕ್ಷೇತ್ರದ ಕಾವಲು ದಕ್ಷಿಣ ಸುಡಾನ್‌ನ ಸೈನ್ಯಕ್ಕೆ. 2012ರ ಏಪ್ರಿಲ್‌ನಲ್ಲಿ ಜಗತ್ತೆಲ್ಲ ಬೈದು ಹೊರಗೆ ಕಳಿಸಿದ ಅದೇ ಸೈನ್ಯ, ಅದೇ ಗೇಟಿನ ಮುಂದೆ, ಈ ಸಲ ಕರೆಸಿಕೊಂಡು ನಿಂತಿತು.